ಮೇಜಿನಡಿಯ ಶಾಸನ

ಈ ಮೇಜು ಅಲುಗಾಡುತ್ತದೆ. ಪೆನ್ನು ಒತ್ತಿದರೆ ಆ ಕಡೆಗೆ ವಾಲುತ್ತದೆ, ಚಹಾದ ಲೋಟ ಇಟ್ಟರೆ ಈ ಕಡೆಗೆ. ರಟ್ಟು ಮಡಚಿ ಕಾಲಡಿಗೆ ತುರುಕಿ ನೋಡಿದೆ, ರಬ್ಬರಿನ ತುಂಡು ಕತ್ತರಿಸಿ ಇಟ್ಟು ನೋಡಿದೆ. ಎರಡು ದಿನ ಸರಿ, ಮೂರನೆಯ ದಿನ ಮತ್ತೆ ಅದೇ ತೂಗಾಟ. ಇಪ್ಪತ್ತು ವರ್ಷ ನೆಲಕ್ಕೆ ಬೇರು ಬಿಟ್ಟಂತೆ ನಿಂತಿದ್ದ ಮೇಜು ಇದು. ಹಿಂದಿನ ಎಡಗಾಲಿನ ಅಡಿಯಲ್ಲಿ ಅಂಗೈಯಗಲದ ಹಿತ್ತಾಳೆಯ ತಗಡೊಂದಿತ್ತು. ಹೋದ ತಿಂಗಳು ಅದನ್ನು ತೆಗೆದೆ. ಅಂದಿನಿಂದ ಮೇಜೂ ನೆಟ್ಟಗಿಲ್ಲ, ನಾನೂ ನೆಟ್ಟಗಿಲ್ಲ.

ತಗಡನ್ನು ಮತ್ತೆ ಅಲ್ಲೇ ಇಟ್ಟರಾಯಿತಲ್ಲ ಎಂದು ನೀವು ಹೇಳುವಿರಿ. ನನ್ನ ಹೆಂಡತಿ ವಿನೋದಳೂ ಅದನ್ನೇ ಹೇಳಿದಳು. ಆಗುವುದಿಲ್ಲ. ಯಾಕೆ ಎಂದು ತಿಳಿಸಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ಸಮಯವಿದ್ದರೆ ಕುಳಿತುಕೊಳ್ಳಿ.

ಮಸ್ಕತ್ತಿನ ಹೊರವಲಯದ ರುಸೈಲಿನ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ನನ್ನದು ಎಂದು ಬಾಯಿಮಾತಿಗೆ ಹೇಳುವುದು. ಲೈಸೆನ್ಸ್ ಇರುವುದು ಕಫೀಲನ, ಎಂದರೆ ನನಗೆ ಜಾಮೀನು ನಿಂತ ಇಲ್ಲಿಯ ಅರಬನ, ಹೆಸರಿನಲ್ಲಿ. ಮುಂಬಾಗಿಲಿನ ಬೋರ್ಡಿನಲ್ಲಿ ಆ ಪುಣ್ಯಾತ್ಮನ ಹೆಸರನ್ನು ಅರಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ನಾನೇ ಕೆತ್ತಿ, ನಾನೇ ಏಣಿ ಹತ್ತಿ ಕೂರಿಸಿದ್ದೇನೆ. ಊರಿಡೀ ಜನರ ಹೆಸರು ಕೆತ್ತುವ ಅಂಗಡಿಯಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಬಾಗಿಲಿಗೆ ಹಾಕುವ ಫಲಕ, ಆಫೀಸಿನ ಬೋರ್ಡು, ಸಮಾರಂಭಕ್ಕೆ ಬೇಕಾಗುವ ಸ್ಮರಣಿಕೆ, ಶೀಲ್ಡು, ಎಲ್ಲವನ್ನೂ ಮಾಡಿಕೊಡುತ್ತೇನೆ. ನೀವು ಎಂದಾದರೂ ಶೀಲ್ಡು ಮಾಡಿಸುವುದಿದ್ದರೆ ಒಂದು ಮಾತು ಕೇಳಿ: ಶುಕ್ರವಾರದ ಕಾರ್ಯಕ್ರಮಕ್ಕೆ ಬುಧವಾರ ಬರಬೇಡಿ. ಅವಸರದಲ್ಲಿ ಬಂದವನ ಮುಖ ನೋಡಿಯೇ ನನ್ನಂಥವರು ಬೆಲೆ ಹೇಳುವುದು.

ಈ ಕಸುಬು ನನಗೆ ಹತ್ತಿದ್ದು ಕಾರ್ಕಳದ ಪಾತ್ರೆ ಅಂಗಡಿಯ ಹೊಸ್ತಿಲಲ್ಲಿ. ಮದುವೆಗೆ ಉಡುಗೊರೆ ಕೊಡುವ ಪಾತ್ರೆಗಳ ಮೇಲೆ ಹೆಸರು ಹಾಕುವುದು ನನ್ನ ಕೆಲಸ. ಒಂದು ಸಣ್ಣ ಉಳಿ, ಒಂದು ಸುತ್ತಿಗೆ, ದಿನವಿಡೀ ಟಕ್ ಟಕ್ ಟಕ್. ಕೂಲಿ ಅಕ್ಷರದ ಲೆಕ್ಕದಲ್ಲಿ. ಹಾಗಾಗಿ ಯಾರಾದರೂ ಬಂದು "ಬರೇ ವಾರಿಜ ಅಂತ ಹಾಕಿ" ಎಂದರೆ ನಾನು ಉಳಿಯನ್ನೇ ಎತ್ತುತ್ತಿರಲಿಲ್ಲ. "ಯಾವ ವಾರಿಜ ಅಂತ ಗೊತ್ತಾಗುದು ಹೇಗೆ ಮಾರಾಯ್ರೇ? ನಾಳೆ ಮದುವೆಮನೆಯಲ್ಲಿ ಹತ್ತು ವಾರಿಜ ಇರ್ತಾರೆ. ಮನೆ ಹೆಸರು ಹಾಕ್ಸಿ, ಗಂಡನ ಹೆಸರು ಹಾಕ್ಸಿ, ಊರು ಸಹ ಹಾಕ್ಸಿ." ಜನ ಹಾಕಿಸುತ್ತಿದ್ದರು. ಒಬ್ಬಳ ಹೆಸರು ಕೊಡಪಾನಕ್ಕೆ ಒಂದು ಸುತ್ತು ಬಂದದ್ದೂ ಉಂಟು.

ನಮ್ಮ ಮನೆಯಲ್ಲಿದ್ದ ಒಂದೇ ಒಂದು ಹಿತ್ತಾಳೆಯ ಚೊಂಬಿನ ಮೇಲೆ ಮಾತ್ರ 'ಪದ್ದಕ್ಕ' ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಪದ್ದಕ್ಕ ಎನ್ನುವವರು ಯಾರೂ ಇರಲಿಲ್ಲ. ಅಮ್ಮ ಅದನ್ನು ಯಾರ ಕೈಯಿಂದಲೋ ಹಳೆಯದಾಗಿ ಕೊಂಡಿದ್ದಳು. ನೀರು ಕುಡಿಯುವಾಗಲೆಲ್ಲ ಆ ಹೆಸರಿನ ಮೇಲೆ ನನ್ನ ಹೆಬ್ಬೆರಳು ಕೂರುತ್ತಿತ್ತು. ಪದ್ದಕ್ಕ ಯಾರು, ಅವಳಿಗೇನಾಯಿತು, ಚೊಂಬು ಯಾಕೆ ಮಾರಿದಳು ಎಂದು ಒಮ್ಮೆಯೂ ಕೇಳಲಿಲ್ಲ. ಚೊಂಬಿನಲ್ಲಿ ನೀರಿತ್ತು, ನನಗೆ ಅಷ್ಟು ಸಾಕಾಗಿತ್ತು. ನನ್ನ ಸ್ವಭಾವ ಆಗಲೇ ಹಾಗೆ ಎಂದು ತಿಳಿಯಲಿ ಎಂದು ಹೇಳಿದೆ.

ಈಗ ಹೇಳಲು ನಾಚಿಕೆಯಾಗುವ ಮಾತಿಗೆ ಬರುತ್ತೇನೆ. ಇಲ್ಲಿ ನಮ್ಮ ಜನ ಎಷ್ಟು ವರ್ಷ ಇದ್ದರೂ ಒಂದು ದಿನ ಹೊರಡಲೇಬೇಕು. ಹೊರಡುವಾಗ ಮನೆಯ ಶೋಕೇಸಿನ ತುಂಬ ಶೀಲ್ಡುಗಳು: ನಾಟಕಕ್ಕೆ ಸಿಕ್ಕಿದ್ದು, ಕಾರ್ಯದರ್ಶಿಯಾಗಿದ್ದಕ್ಕೆ ಸಿಕ್ಕಿದ್ದು, ರಕ್ತದಾನಕ್ಕೆ ಸಿಕ್ಕಿದ್ದು. ವಿಮಾನದವರು ಬಿಡುವುದು ಮೂವತ್ತು ಕಿಲೋ. ಮಿಕ್ಸಿಯೋ ಶೀಲ್ಡೋ ಎಂಬ ಪ್ರಶ್ನೆ ಬಂದಾಗ ಯಾವ ಹೆಂಗಸೂ ಶೀಲ್ಡಿನ ಪರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಆಗ ಅವರಿಗೆ ನನ್ನ ನೆನಪಾಗುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ತಂದು, "ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ ಸಂಜೀವಣ್ಣ, ನೀವೇ ಇಟ್ಕೊಳ್ಳಿ" ಎಂದು ಕೊಟ್ಟು ಹೋಗುತ್ತಾರೆ. ಮರ ಒಳ್ಳೆಯದಿರುತ್ತದೆ. ಹೆಸರಿನ ತಗಡಿನ ಮೂಲೆಗೆ ಸ್ಕ್ರೂಡ್ರೈವರಿನ ತುದಿ ತೂರಿಸಿ ಒಮ್ಮೆ ಎಬ್ಬಿದರೆ ಅಂಟು ಬಿಡುತ್ತದೆ. ಅಡಿಯಲ್ಲಿ ಮರದ ಬಣ್ಣ ಬೆಳಕು ಕಾಣದೆ ಹೊಸದಾಗಿಯೇ ಉಳಿದಿರುತ್ತದೆ. ಪಾಲಿಷ್ ಹೊಡೆದು, ಹೊಸ ತಗಡು ಅಂಟಿಸಿ, ಮುಂದಿನ ಸಮಾರಂಭಕ್ಕೆ ಕೊಡುತ್ತಿದ್ದೆ. ಒಂದೇ ಶೀಲ್ಡು ಐದು ಜನರನ್ನು ಸನ್ಮಾನಿಸಿದ್ದೂ ಇದೆ.

ಸ್ಟ್ಯಾನಿ ಮಾಸ್ಟ್ರಿಗೆ ಇದು ಗೊತ್ತಿತ್ತು. ಶಿರ್ವದ ಕಡೆಯವರು, ಮನೆಯಲ್ಲಿ ಕೊಂಕಣಿ. ಇಲ್ಲಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಚರಿತ್ರೆ ಪಾಠ ಮಾಡಿದವರು. ಇಲ್ಲಿಯ ನಮ್ಮ ಕನ್ನಡ ಸಂಘದ ಸ್ಮರಣಿಕೆಗಳಿಗೆ ಒಕ್ಕಣೆ ಬರೆದುಕೊಡುತ್ತಿದ್ದವರು ಅವರೇ. ನನ್ನ ಮನೆಮಾತು ತುಳು, ಅವರಿಗೂ ತುಳು ನೀರು ಕುಡಿದಂತೆ ಬರುತ್ತದೆ. ಆದರೂ ನಾವು ಮೊದಲ ದಿನ ಕನ್ನಡದಲ್ಲಿ ಮಾತಾಡಿದವರು ಕೊನೆಯವರೆಗೆ ಕನ್ನಡದಲ್ಲೇ ಮಾತಾಡಿದೆವು.

ಶಾಲೆಯ ಕೆಲಸ ಮುಗಿದು, ರೆಸಿಡೆಂಟ್ ಕಾರ್ಡಿನ ಅವಧಿ ಮುಗಿಯಲು ಎರಡು ತಿಂಗಳಿದ್ದಾಗ, ಮಾಸ್ಟ್ರು ಒಂದು ಶುಕ್ರವಾರ ರುಸ್ತಾಕಿಗೆ ಹೋಗೋಣ ಎಂದರು. ಕೋಟೆ ಇನ್ನೊಮ್ಮೆ ನೋಡಬೇಕಂತೆ, ಊರಿಗೆ ಜೇನು ಒಯ್ಯಬೇಕಂತೆ. ರುಸ್ತಾಕಿನ ಮಾರ್ಕೆಟ್ಟಿನಲ್ಲಿ ಜೇನು ಕೊಳ್ಳುವವರಿಗೆ ನನ್ನ ಸಲಹೆ: ಕಾಫಿ ಕುಡಿಯುವ ಮೊದಲು ಬೆಲೆ ಕೇಳಬೇಡಿ. ಮುದುಕ ಖರ್ಜೂರ ಕೊಡುತ್ತಾನೆ, ತಿನ್ನಿ. ಪುಟ್ಟ ಬಟ್ಟಲಿನಲ್ಲಿ ಕಾಫಿ ಸುರಿಯುತ್ತಾನೆ, ಕುಡಿಯಿರಿ. ಮಕ್ಕಳೆಷ್ಟು ಎಂದು ಕೇಳುತ್ತಾನೆ, ಹೇಳಿ. ಅಷ್ಟಾದ ಮೇಲೆ ಬೆಲೆ ಕೇಳಿದರೆ ಅವನಿಗೂ ಜಾಸ್ತಿ ಹೇಳಲು ಮನಸ್ಸು ಬರುವುದಿಲ್ಲ. ಆ ದಿನವೂ ಹಾಗೆಯೇ ಆಯಿತು. ಮುದುಕ ನಗುತ್ತಾ "ಖಲಾಸ್, ಖಲಾಸ್" ಎಂದು ಕೈ ಎತ್ತಿಬಿಟ್ಟ. ಮಾಸ್ಟ್ರು ಮಾತ್ರ ಹೊರಗೆ ಬಂದ ಮೇಲೆ, "ಪಾಪ, ಅಷ್ಟು ಇಳಿಸ್ಬಾರದಿತ್ತು" ಎಂದರು. ಕೊಂಡವರು ಅವರು, ಉಳಿಸಿದವನು ನಾನು, ಪಾಪ ಆ ಮುದುಕ!

ಅಲ್ಲಿಯ ಬಿಸಿನೀರಿನ ಬುಗ್ಗೆಯ ತೋಡಿನಲ್ಲಿ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು ಕುಳಿತೆವು. ಮಾಸ್ಟ್ರು ಶುರು ಮಾಡಿದರು.

"ಸಂಜೀವಣ್ಣ, ಗ್ರೀಸಿನವ್ರು ರೋಮಿನ ಕೈಕೆಳಗೆ ಬಂದ ಮೇಲೆ ಎಂತ ಮಾಡಿದ್ರು ಗೊತ್ತುಂಟಾ?"

"ವ್ಯಾಪಾರ ಮಾಡಿರ್ಬೇಕು."

"ಅದನ್ನೂ ಮಾಡಿದ್ರು. ಆದ್ರೆ ಮುಖ್ಯ ಎಂತ ಅಂದ್ರೆ, ಕಲ್ಲಿನ ಮೇಲೆ ಕೆತ್ತಿಸಿದ್ರು. ರಾಶಿ ರಾಶಿ ಶಾಸನ. ನಿಮ್ಮಂಥವ್ರಿಗೆ ಆಗ ಬಿಡುವೇ ಇರ್ಲಿಕ್ಕಿಲ್ಲ."

ಅವರು ಹೇಳಿದ್ದನ್ನು ನನ್ನ ತಲೆಗೆ ಹೋದಷ್ಟು ಹೇಳುತ್ತೇನೆ. ರೋಮಿನ ಪೌರತ್ವ ಸಿಕ್ಕಿದ ಗ್ರೀಕನು ತನ್ನ ಹೆಸರಿನ ಮುಂದೆ ರೋಮಿನ ಚಕ್ರವರ್ತಿಯ ಮನೆತನದ ಹೆಸರು ಸೇರಿಸಿಕೊಳ್ಳುತ್ತಿದ್ದನಂತೆ. ಅಪ್ಪ ಅಮ್ಮ ಇಟ್ಟ ಹೆಸರು ಬಾಲದಲ್ಲಿ. ಆದರೆ ಕೆತ್ತಿಸುತ್ತಿದ್ದದ್ದು ಮಾತ್ರ ತನ್ನದೇ ಲಿಪಿಯಲ್ಲಿ, ತನ್ನದೇ ಭಾಷೆಯಲ್ಲಿ.

"ನಮ್ಮ ಅಂಗಡಿಗಳ ಹಾಗೆ" ಎಂದೆ. "ಮೊದಲು ಕಫೀಲನ ಹೆಸರು, ಆಮೇಲೆ ನಾವು."

"ಅಲ್ಲ ಮಾರಾಯ್ರೇ, ಅವ್ರಿಗೆ ಪೌರತ್ವ ಸಿಕ್ತಿತ್ತು. ನಮಗೆ ಕಾರ್ಡು. ನನ್ನದು ಎರಡು ತಿಂಗಳಲ್ಲಿ ಅದೂ ಇಲ್ಲ." ಮಾಸ್ಟ್ರು ಕಾಲಿನಿಂದ ನೀರು ಕಲಕಿದರು. "ಮತ್ತೆ ಅವ್ರು ಇದ್ದದ್ದು ಅವ್ರದ್ದೇ ಊರಲ್ಲಿ. ನಾವು ಬಂದವ್ರು. ಹೋಲಿಕೆ ಪೂರ್ತಿ ಕೂರುದಿಲ್ಲ ಬಿಡಿ. ಆದ್ರೆ ಒಂದು ನೋಡಿ. ಊರಿಗೊಂದು ಜಂಬ ಇದ್ದ ಜನ ಅವ್ರು. ನಾವು ಅಥೆನ್ಸಿನವ್ರು, ನಾವು ಸ್ಪಾರ್ಟಾದವ್ರು ಅಂತ ಕಚ್ಚಾಡಿಕೊಂಡಿದ್ದವ್ರು ರೋಮಿನ ಎದುರು ನಿಂತಾಗ, ನಾವೆಲ್ಲ ಗ್ರೀಕರು ಅಂತ ಹೇಳ್ಳಿಕ್ಕೆ ಓಡಾಡಿದ್ರು. ಕೆಲವು ಊರಿನವ್ರು ತಮ್ಮ ಮೂಲ ಗ್ರೀಕ್ ಅಂತ ವಂಶಾವಳಿ ಹುಡುಕಿ ತೋರಿಸಿದ್ರಂತೆ. ನಾವೂ ಹಾಗೇ ಅಲ್ವಾ? ಊರಲ್ಲಿ ನಾನು ಕೊಂಕಣಿ, ನೀವು ತುಳು. ಇಲ್ಲಿಗೆ ಬಂದ ಮೇಲೆ ಇಬ್ರೂ ಕನ್ನಡದವ್ರು. ಮೊದಮೊದಲಿನ ಸ್ಮರಣಿಕೆಯಲ್ಲೆಲ್ಲ ಎಂತ ಬರೀತಿದ್ದೆ ನಾನು? 'ಮಸ್ಕತ್ತಿನ ಕನ್ನಡಿಗರೆಲ್ಲರ ಪ್ರೀತಿಯಿಂದ.' ಆ ಕನ್ನಡಿಗರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವ್ರು ಹತ್ತು ಜನ ಇರ್ಲಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

"ಇನ್ನೊಂದು ಕೇಳಿ. ಊರಿಗೆ ಹೊಸ ರೋಮನ್ ಅಧಿಕಾರಿ ಬಂದ್ರೆ ಗೌರವಕ್ಕೆ ಪ್ರತಿಮೆ ನಿಲ್ಲಿಸ್ಬೇಕು. ಹೊಸತು ಮಾಡಿಸ್ಲಿಕ್ಕೆ ಖರ್ಚು. ಆಗ ಎಂತ ಮಾಡ್ತಿದ್ರು? ಹಳೇ ಕಾಲದ ಯಾವನೋ ವೀರನ ಪ್ರತಿಮೆ ಇರ್ತದಲ್ಲ, ಅದರ ಪೀಠದಿಂದ ಅವನ ಹೆಸರು ಕೆತ್ತಿ ತೆಗ್ದು ಹೊಸಬನ ಹೆಸರು ಹಾಕುದು."

"ಬುದ್ಧಿವಂತ್ರು" ಎಂದೆ, ತಡೆಯಲಾರದೆ.

"ಹೌದು. ನಿಮ್ಮ ಹಾಗೆ."

ಬಿಸಿನೀರಿನಲ್ಲಿದ್ದ ನನ್ನ ಕಾಲು ತಣ್ಣಗಾಯಿತು. ಮಾಸ್ಟ್ರ ದನಿಯಲ್ಲಿ ಮೊನೆ ಇರಲಿಲ್ಲ. ಅವರು ಕೇಳಬೇಕೆಂದಿದ್ದದ್ದು ಬೇರೆ.

"ಬೈಯಲಿಕ್ಕೆ ಹೇಳಿದ್ದಲ್ಲ. ನೀವು ಕಿತ್ತ ತಗಡುಗಳುಂಟಲ್ಲ, ನನಗೆ ಅವು ಬೇಕು. ನಾವು ಇಲ್ಲಿ ಇದ್ದೆವು ಅನ್ಲಿಕ್ಕೆ ನಮ್ಮದು ಬೇರೆ ಎಂತ ಉಂಟು ಹೇಳಿ. ಮನೆ ಬಾಡಿಗೆಯದ್ದು, ಅಂಗಡಿ ಕಫೀಲನದ್ದು, ಸತ್ತರೂ ಪೆಟ್ಟಿಗೆಯಲ್ಲಿ ಊರಿಗೆ. ನಮ್ಮ ಶಾಸನ ಅಂದ್ರೆ ಅದೊಂದೇ. ಮೊದಲು ಬರೇ ಕನ್ನಡ ಇತ್ತು, ಆಮೇಲೆ ಕನ್ನಡ ಇಂಗ್ಲಿಷ್ ಎರಡೂ, ಈಗ ಬರೇ ಇಂಗ್ಲಿಷ್. ಯಾವಾಗ ಬದಲಾಯ್ತು, ಹೇಗೆ ಬದಲಾಯ್ತು, ಯಾರಿಗೆಲ್ಲ ಕೊಟ್ಟದ್ದು, ಎಂತ ಅಂತ ಬರೆದದ್ದು, ಸಾಲಾಗಿ ಇಟ್ಟು ನೋಡ್ಬೇಕು. ನನ್ನ ಬೀಳ್ಕೊಡುಗೆಯ ದಿನ ಅದನ್ನೇ ಓದ್ತೇನೆ. ಮಕ್ಕಳಿಗೆ ಮೂವತ್ತೊಂದು ವರ್ಷ ಬೇರೆಯವ್ರ ಚರಿತ್ರೆ ಓದಿಸಿದೆ. ಹೋಗುವ ಮೊದಲು ನಮ್ಮದು ಒಂದು ಬರೀಬೇಕು." ಅವರು ನನ್ನ ಕಡೆ ತಿರುಗಿದರು. "ನೀವು ಒಂದು ಮೊಳೆ ಸಹ ಬಿಸಾಡುವ ಜನ ಅಲ್ಲ. ಉಂಟಲ್ಲ?"

"ಉಂಟು ಉಂಟು" ಎಂದೆ. "ಸ್ಟೋರಲ್ಲಿ ಉಂಟು. ಹುಡುಕ್ಬೇಕು."

ಇರಲಿಲ್ಲ. ಲೇಸರ್ ಮಷೀನು ತಂದ ವರ್ಷ ಅದಕ್ಕೆ ಜಾಗ ಮಾಡಲು ಸ್ಟೋರು ಖಾಲಿ ಮಾಡಿದ್ದೆ. ಗೋಣಿಯಲ್ಲಿದ್ದ ತಗಡುಗಳನ್ನೆಲ್ಲ ಗುಜರಿಯ ಪಠಾಣನಿಗೆ ತೂಕಕ್ಕೆ ಹಾಕಿದೆ. ಹೆಸರು ಕೆತ್ತಿದ ತಗಡು ಎಂದು ಅವನು ದರ ಇಳಿಸಲು ನೋಡಿದ. ನಾನು ಬಿಡಲಿಲ್ಲ, ಹೆಸರಿದ್ದರೇನು ಹಿತ್ತಾಳೆ ಹಿತ್ತಾಳೆಯೇ ಎಂದು ಅರ್ಧ ಗಂಟೆ ವಾದ ಮಾಡಿದೆ. ಅವನು ತಕ್ಕಡಿಗೆ ಗೋಣಿ ಏರಿಸುತ್ತಾ, "ನಾಮ್ ಕಾ ವಜನ್ ನಹೀ ಹೋತಾ, ಸೇಠ್" ಎಂದ. ಹೆಸರಿಗೆ ತೂಕವಿಲ್ಲವಂತೆ. ಆ ದಿನ ಚೌಕಾಸಿಯಲ್ಲಿ ಗೆದ್ದವನು ನಾನೇ. ಸಂಜೆ ಬರುವಾಗ ವಿನೋದಳಿಗೆ ಮೀನು ತಂದಿದ್ದೆ.

ಇನ್ನೊಂದು ಅಳುಕೂ ಇತ್ತು. ಕನ್ನಡ ಯಾವಾಗ ಬಿಟ್ಟುಹೋಯಿತು ಎಂದು ಮಾಸ್ಟ್ರು ಹುಡುಕುತ್ತಿದ್ದರಲ್ಲ, ಅದು ನನಗೆ ಗೊತ್ತಿತ್ತು. ನನ್ನಲ್ಲಿ ಕೆತ್ತನೆ ಕೆಲಸಕ್ಕಿದ್ದ ಯೋಗೀಶ ಆಚಾರ್ರು ಇರುವವರೆಗೆ ಕನ್ನಡವಿತ್ತು. ಅವರು ಕೈಯಲ್ಲೇ ಕೆತ್ತುತ್ತಿದ್ದರು. ಕೆತ್ತಿ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಯಾರೂ ಕೇಳದ ಒಂದು ಪುಟ್ಟ ಹೂವು ಹಾಕುತ್ತಿದ್ದರು. ಅವರು ಊರಿಗೆ ಹೋಗಿ ತೀರಿಕೊಂಡರು, ನಾನು ಮಷೀನು ತಂದೆ. ಮೊದಲಿಗೆ ಅದರಲ್ಲಿ ಕನ್ನಡ ಕೂರಿಸುವುದು ತಲೆನೋವಿನ ಕೆಲಸ. ಆಗ ಸಂಘದವರಿಗೆ ಸಲಹೆ ಕೊಟ್ಟೆ: "ಕನ್ನಡ ಯಾಕೆ? ಅತಿಥಿಗಳಿಗೆ ಓದ್ಲಿಕ್ಕೆ ಬರುದಿಲ್ಲ, ನಿಮ್ಮ ಮಕ್ಕಳಿಗೂ ಬರುದಿಲ್ಲ. ಇಂಗ್ಲಿಷಲ್ಲಿ ಹಾಕ್ಸಿ, ಕಮ್ಮಿಯಲ್ಲಿ ಮಾಡಿ ಕೊಡ್ತೇನೆ." ಜನ ಹಾಕಿಸಿದರು. ನನ್ನ ಸಲಹೆ ಜನ ಕೇಳುತ್ತಾರೆ, ಅದೇ ಕಷ್ಟ. ರೋಮಿನವರು ಗ್ರೀಕರಿಗೆ ನಿಮ್ಮ ಭಾಷೆ ಬಿಡಿ ಎಂದು ಒತ್ತಾಯ ಮಾಡಿರಲಿಲ್ಲವಂತೆ. ಇಲ್ಲಿಯ ಅರಬರೂ ನಮಗೆ ಯಾವತ್ತೂ ಹಾಗೆ ಹೇಳಿದವರಲ್ಲ.

ಆ ರಾತ್ರಿ ಅಲ್ ಅಜೈಬಾದ ನಮ್ಮ ಮನೆಯಲ್ಲಿ ವಿನೋದ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಳು. ಎಲ್ಲ ಹೇಳಿದೆ.

"ಇದ್ದದ್ದು ಹೇಳಿ ಬಿಡಿ. ಬೈದ್ರೆ ಬೈತಾರೆ."

"ಅವ್ರು ಬೈಯುದಿಲ್ಲ. ಸುಮ್ಮನಾಗ್ತಾರೆ."

"ಹಾಗಾದ್ರೆ ಸುಮ್ಮನಾಗ್ಲಿ. ನೀವು ಇನ್ನೊಂದು ಉಪಾಯ ಮಾಡ್ಲಿಕ್ಕೆ ಹೋಗ್ಬೇಡಿ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ ನನಗೆ."

ಮೂವತ್ತು ವರ್ಷ ಲೋಕಕ್ಕೆಲ್ಲ ಸಲಹೆ ಕೊಟ್ಟವನು ನಾನು, ಹೆಂಡತಿಯ ಸಲಹೆ ಕೇಳಲಿಲ್ಲ. ಹನ್ನೆರಡು ತಗಡು ಹೊಸದಾಗಿ ಮಾಡಿಸಿದೆ. ನೆನಪಿದ್ದ ಕೆಲವು ಹೆಸರು ಹಾಕಿದೆ: ಊರಿಗೆ ಶವ ಕಳಿಸುವ ಕಾಗದಪತ್ರಕ್ಕಾಗಿ ರಜೆ ಹಾಕಿ ಓಡಾಡುತ್ತಿದ್ದ ಒಬ್ಬರು, ಯಕ್ಷಗಾನಕ್ಕೆ ಚೆಂಡೆ ಹೊತ್ತು ತಂದ ಇನ್ನೊಬ್ಬರು. ನೆನಪು ಮುಗಿದ ಮೇಲೆ ಕಲ್ಪನೆ ಶುರುವಾಯಿತು. ನಾಟಕದ ಪರದೆಯನ್ನೆಲ್ಲ ದುಡ್ಡು ತೆಗೆದುಕೊಳ್ಳದೆ ಹೊಲಿದುಕೊಟ್ಟ ಒಬ್ಬ ಟೈಲರನನ್ನು ನಾನೇ ಸೃಷ್ಟಿಸಿದೆ. ಒಕ್ಕಣೆ ಮಾಸ್ಟ್ರದ್ದೇ ಶೈಲಿ. ಅಷ್ಟು ವರ್ಷ ಕೆತ್ತಿ ಕೆತ್ತಿ ಅದು ನನಗೆ ಬಾಯಿಪಾಠ. ಮೂಲೆಯಲ್ಲಿ ಆಚಾರ್ರ ಹೂವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ ಹಾಕಿದೆ. ಆಮೇಲೆ ವಿನಿಗರ್, ಉಪ್ಪು, ಬಿಸಿಲು. ನಮ್ಮ ಹೆಂಗಸರು ಹಿತ್ತಾಳೆಗೆ ಹುಣಸೆಹುಳಿ ಹಚ್ಚಿ ಹಳೆಯದನ್ನು ಹೊಸತು ಮಾಡುತ್ತಾರೆ, ನಾನು ಉಲ್ಟಾ. ಮಷೀನು ನಡೆಸುವ ಚಿತ್ತಗಾಂಗಿನ ಶಫೀಕ್ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟ: "ಭಾಯ್, ಸಬ್ ಲೋಗ್ ಪುರಾನಾ ಕೋ ನಯಾ ಕರ್ತಾ ಹೈ. ಆಪ್ ನಯಾ ಕೋ ಪುರಾನಾ ಕರ್ತಾ?"

ತಗಡುಗಳನ್ನು ಕೊಟ್ಟಾಗ ಮಾಸ್ಟ್ರು ಎರಡೂ ಕೈಯಲ್ಲಿ ತೆಗೆದುಕೊಂಡರು, ಪ್ರಸಾದ ತೆಗೆದುಕೊಂಡ ಹಾಗೆ. "ದೇವ್ರು ನಿಮಗೆ ಒಳ್ಳೇದು ಮಾಡ್ಲಿ ಸಂಜೀವಣ್ಣ" ಎಂದರು. ಆ ಮಾತಿಗಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಹತ್ತು ದಿನ ಬಿಟ್ಟು ಟ್ಯಾಕ್ಸಿ ಮಾಡಿಕೊಂಡು ರುಸೈಲಿಗೆ ಬಂದರು. ಇದೇ ಮೇಜಿನ ಎದುರು ಕುಳಿತರು. ಪೇಪರಿನಲ್ಲಿ ಸುತ್ತಿದ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಶಫೀಕ್ ಚಹಾ ತಂದಿಟ್ಟ. ಮೇಜು ಅಲುಗಲಿಲ್ಲ.

"ಸಂಜೀವಣ್ಣ, ನೀವು ಕಿತ್ತ ತಗಡು ಒಂದಾದ್ರೂ ಮೂಲೆ ಮಡಚದೆ ಬಂದದ್ದುಂಟಾ?"

ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಆ ಮೂಲೆ ಮಡಚಲೇಬೇಕು, ಎಷ್ಟು ತಟ್ಟಿದರೂ ಗೆರೆ ಹೋಗುವುದಿಲ್ಲ. ನೂರಾರು ತಗಡು ಕಿತ್ತ ನನ್ನ ಕೈಗೆ ಇದು ಗೊತ್ತಿತ್ತು. ನಕಲು ಮಾಡುವಾಗ ತಲೆಗೆ ಹೊಳೆಯಲಿಲ್ಲ.

"ಹನ್ನೆರಡಕ್ಕೆ ನಲ್ವತ್ತೆಂಟು ಮೂಲೆ. ನಲ್ವತ್ತೆಂಟೂ ಚೂಪು. ಹೂವು ಹನ್ನೆರಡೂ ಅವಳಿ ಮಕ್ಕಳ ಹಾಗೆ." ಮಾಸ್ಟ್ರು ಚಹಾ ಕುಡಿದರು. "ಹಳೆಯದು ಎಲ್ಲಿ ಹೋಯ್ತು?"

"ಗುಜರಿಗೆ."

"ಎಲ್ಲ?"

"ಎಲ್ಲ."

"ಒಂದು ಸಹ ಇಲ್ಲ?"

"ಇಲ್ಲ ಮಾಸ್ಟ್ರೇ."

ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು, "ಆ ಟೈಲರ್ ಇದ್ದನಾ?"

"ಇಲ್ಲ."

"ಹ್ಞಂ. ಅವನ ಬಗ್ಗೆಯೇ ಎರಡು ಪುಟ ಬರೆದಿದ್ದೆ. ಭಾರಿ ಖುಷಿಯಾಗಿತ್ತು ನನಗೆ. ಅಂಥ ಒಬ್ಬ ಇದ್ದ, ಅವನನ್ನೂ ಕರೆದು ಶಾಲು ಹಾಕಿದ್ರಲ್ಲ ನಮ್ಮವ್ರು ಅಂತ."

ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರ ಕೊಡುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು ಎದ್ದರು. ಟ್ಯಾಕ್ಸಿಯವರೆಗೆ ಹಿಂದೆಯೇ ಹೋದೆ. ಬಾಗಿಲು ಹಾಕಿಕೊಳ್ಳುವಾಗ, "ವಿನೋದಕ್ಕನಿಗೆ ಕೇಳಿದೆ ಅಂತ ಹೇಳಿ" ಎಂದರು.

ಬೀಳ್ಕೊಡುಗೆಯ ಶೀಲ್ಡಿನ ಆರ್ಡರು ನನಗೇ ಬಂತು. ಸಂಘದ ಈಗಿನ ಕಾರ್ಯದರ್ಶಿ ರಾಕೇಶ, ನನ್ನ ಅರ್ಧ ವಯಸ್ಸಿನವನು, ಒಕ್ಕಣೆಯನ್ನು ಫೋನಿಗೆ ಕಳಿಸಿದ. ಇಂಗ್ಲಿಷ್. ನಾನು ಫೋನು ಮಾಡಿ, ಇದೊಂದನ್ನು ಕನ್ನಡದಲ್ಲಿ ಮಾಡೋಣ, ಹೆಚ್ಚಿಗೆ ದುಡ್ಡೇನೂ ಬೇಡ ಎಂದೆ.

"ಅಂಕಲ್, ಚೀಫ್ ಗೆಸ್ಟಿಗೆ ಓದ್ಲಿಕ್ಕೆ ಬರ್ಬೇಕಲ್ಲ. ಕನ್ನಡ ಬೇಡ ಅಂತ ನೀವೇ ಅಲ್ವಾ ನಮ್ಮ ಹಿಂದಿನವ್ರಿಗೆ ಹೇಳಿದ್ದು? ಕಮಿಟಿಯಲ್ಲಿ ಈಗ್ಲೂ ಹೇಳ್ತಾರೆ."

ಮರ ಮಾತ್ರ ಹೊಸತು ಹಾಕಿದೆ. ಯಾರ ಹೆಸರೂ ಕೂರದ ಮರ. ಅಷ್ಟು ಮಾಡಲು ಸಾಧ್ಯವಾಯಿತು.

ಸಮಾರಂಭದಲ್ಲಿ ಮಾಸ್ಟ್ರನ್ನು ಹೊಗಳಲು ಏಳು ಜನ ಎದ್ದರು, ಏಳೂ ಜನ ಐದು ನಿಮಿಷ ಎಂದು ಇಪ್ಪತ್ತು ನಿಮಿಷ ಮಾತಾಡಿದರು. ಕೊನೆಗೆ ಮಾಸ್ಟ್ರ ಸರದಿ. ನಾನು ಹಿಂದಿನ ಸಾಲಿನಲ್ಲಿ ಕುಳಿತು ಅವರ ಕೈಯನ್ನೇ ನೋಡುತ್ತಿದ್ದೆ, ಕಾಗದವೇನಾದರೂ ಇದೆಯೇ ಎಂದು. ಕೈ ಖಾಲಿಯಿತ್ತು. "ಎಲ್ಲರೂ ಚೆನ್ನಾಗಿ ನೋಡ್ಕೊಂಡಿದ್ದೀರಿ. ಊಟ ತಣ್ಣಗಾಗ್ತಾ ಉಂಟು" ಎಂದು ಕೈಮುಗಿದು ಕುಳಿತುಬಿಟ್ಟರು. ಜನ ಚಪ್ಪಾಳೆ ತಟ್ಟಿ ಕೋಳಿ ಸುಕ್ಕದ ಕಡೆಗೆ ಎದ್ದರು. ಎಂಥ ಸರಳ ಮನುಷ್ಯ ಎಂದು ಪಕ್ಕದವನು ಹೇಳಿದ. ಹದಿನೆಂಟು ಪುಟ ಬರೆದಿದ್ದರು ಎಂದು ಆಮೇಲೆ ಅವರ ಹೆಂಡತಿಯಿಂದ ವಿನೋದಳಿಗೆ ತಿಳಿಯಿತು.

ಅವರು ವಿಮಾನ ಹತ್ತಿದ ಮೂರನೆಯ ದಿನ ರಾಕೇಶ ವರ್ಕ್‌ಶಾಪಿಗೆ ಬಂದ. ಕೈಯಲ್ಲಿ ಅದೇ ಶೀಲ್ಡು.

"ಮಾಸ್ಟ್ರು ಕುರ್ಚಿ ಮೇಲೆ ಬಿಟ್ಟು ಹೋಗಿದ್ರು ಅಂಕಲ್. ಫೋನ್ ಮಾಡಿದ್ದಕ್ಕೆ, ಲಗೇಜು ಜಾಸ್ತಿ ಆಗಿದೆ, ಸಂಜೀವಣ್ಣನಿಗೇ ಕೊಡಿ ಅಂದ್ರು. ಮುಂದಿನ ಶುಕ್ರವಾರ ಇನ್ನೊಂದು ಸನ್ಮಾನ ಉಂಟು ನಮ್ಮದು. ಇದಕ್ಕೇ ಹೊಸ ಪ್ಲೇಟ್ ಹಾಕಿ ಕೊಡ್ತೀರಾ? ಮರ ಚೆನ್ನಾಗಿದೆ."

"ಚೆನ್ನಾಗಿದೆ" ಎಂದೆ.

ಅವನು ಹೋದ ಮೇಲೆ ಶೀಲ್ಡನ್ನು ಮೇಜಿನ ಮೇಲೆ ಮಲಗಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ತಗಡಿನ ಮೂಲೆಗೆ ತುದಿ ಇಟ್ಟೆ. ಕೈ ಜಾರಿತು. ಸ್ಕ್ರೂಡ್ರೈವರ್ ಕೆಳಗೆ ಬಿದ್ದು ಉರುಳಿ ಮೇಜಿನ ಹಿಂದೆ ಹೋಯಿತು. ಮೊಣಕಾಲೂರಿ, ಮೊಬೈಲಿನ ಬೆಳಕು ಹಾಕಿ ಹುಡುಕಿದೆ. ಮೇಜಿನ ಎಡಗಾಲಿನ ಅಡಿಯಲ್ಲಿ ಏನೋ ಮಂಕಾಗಿ ಹೊಳೆಯಿತು.

ಈ ವರ್ಕ್‌ಶಾಪಿಗೆ ಬಂದ ಹೊಸದರಲ್ಲಿ, ನೆಲ ಸಮ ಇಲ್ಲವೆಂದು ಕೈಗೆ ಸಿಕ್ಕಿದ್ದನ್ನು ಕಾಲಡಿಗೆ ತುರುಕಿದ್ದೆ. ಶಫೀಕನನ್ನು ಕರೆದು ಮೇಜು ಎತ್ತಿಸಿ ಅದನ್ನು ಹೊರಗೆಳೆದೆ. ತೊಳೆದೆ. ಕೆಳಗಿನ ಮೂಲೆಯಲ್ಲಿ ಆಚಾರ್ರ ಹೂವಿತ್ತು; ಒಂದು ಎಸಳು ಗಿಡ್ಡ, ಕೈಯಲ್ಲಿ ಕೆತ್ತಿದ್ದು. ಹೆಸರಿದ್ದ ಸಾಲಿನ ಮೇಲೆ ಮೇಜಿನ ಕಬ್ಬಿಣದ ಕಾಲು ಇಪ್ಪತ್ತು ವರ್ಷ ನಿಂತು ಅದನ್ನು ಪೂರ್ತಿ ಉಜ್ಜಿಹಾಕಿತ್ತು. ಯಾರಿಗೆ ಕೊಟ್ಟದ್ದು, ಯಾಕೆ ಕೊಟ್ಟದ್ದು, ಒಂದೂ ಇಲ್ಲ. ಅದರ ಕೆಳಗಿನ ಸಾಲು ಮಾತ್ರ ಉಳಿದಿತ್ತು. 'ಮಸ್ಕತ್ತಿನ ಕನ್ನಡಿಗರೆಲ್ಲರ ಪ್ರೀತಿಯಿಂದ.'

ಮಾಸ್ಟ್ರು ಬಂದು ಕುಳಿತ ದಿನ ಅವರ ಚಪ್ಪಲಿಯಿಂದ ಇದಕ್ಕೆ ಎರಡು ಮೊಳ ದೂರವೂ ಇದ್ದಿರಲಾರದು. ಒಂದು ಸಹ ಇಲ್ಲವೇ ಎಂದು ಕೇಳುತ್ತಾ ಅವರು ಲೋಟ ಇಟ್ಟದ್ದು ಇದರ ಮೇಲೆ ನಿಂತಿದ್ದ ಮೇಜಿನ ಮೇಲೆಯೇ.

ಬೆಳಕಿಗೆ ಹಿಡಿದು ನಾಲ್ಕು ಫೋಟೋ ತೆಗೆದೆ, ಚೆನ್ನಾಗಿ ಬಂದದ್ದನ್ನು ಅವರಿಗೆ ಕಳಿಸಿದೆ. 'ಒಂದು ಸಿಕ್ಕಿತು ಮಾಸ್ಟ್ರೇ' ಎಂದು ಬರೆದೆ. ಕಳಿಸಿದ ಮೇಲೆ ಕನ್ನಡಕ ಹಾಕಿಕೊಂಡು ಮೂಲೆಗಳನ್ನು ನೋಡಿದೆ. ಕಿತ್ತಾಗ ಮಡಚಿದ್ದ ಮೂಲೆಯನ್ನು ಮೇಜಿನ ಭಾರ ಒತ್ತಿ ಒತ್ತಿ ಚಪ್ಪಟೆ ಮಾಡಿತ್ತು. ಬೆರಳು ಆಡಿಸಿದರೆ ಗೆರೆ ತಿಳಿಯುತ್ತದೆ. ಫೋಟೋದಲ್ಲಿ ನಾಲ್ಕೂ ಮೂಲೆ ನೆಟ್ಟಗೆ ಕಾಣುತ್ತಿದ್ದವು.

ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ಬಂತು.

'ಈ ಸಲ ಚಂದ ಬಂದಿದೆ ಸಂಜೀವಣ್ಣ. ಹಳೆಯದರ ಹಾಗೇ ಉಂಟು.' ಕೊನೆಗೆ ಒಂದು ನಗುವ ಮುಖ.

ಮಾಸ್ಟ್ರೇ ಇದು ನಿಜವಾದದ್ದು ಎಂದು ಬರೆದೆ, ಅಳಿಸಿದೆ. ದೇವರಾಣೆ ಎಂದು ಬರೆದೆ, ಅದನ್ನೂ ಅಳಿಸಿದೆ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಸುಳ್ಳು ಹೇಳಿ ಒಮ್ಮೆ ಸಿಕ್ಕಿಬಿದ್ದ ವ್ಯಾಪಾರಿಯಿಂದ ಎರಡನೆಯ ಸಲ ಕೊಳ್ಳಬೇಡಿ ಎಂದು ನಾನೇ ಎಷ್ಟು ಜನರಿಗೆ ಬುದ್ಧಿ ಹೇಳಿಲ್ಲ! ವಿನೋದ, "ಊರಿಗೆ ಹೋದಾಗ ತಗಡನ್ನೇ ಅವ್ರ ಕೈಗೆ ಕೊಡಿ, ಮುಟ್ಟಿ ನೋಡ್ಲಿ" ಎಂದಳು. ಕೊಡಬಹುದು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ನನ್ನ ಮನಸ್ಸು ನೋಯಬಾರದೆಂದು, ಹೌದು ಹೌದು ಎನ್ನುತ್ತಾರೆ. ಅದನ್ನು ನನ್ನಿಂದ ನೋಡಲಾಗುವುದಿಲ್ಲ.

ಶುಕ್ರವಾರಕ್ಕೆ ರಾಕೇಶನಿಗೆ ಶೀಲ್ಡು ಬೇಕಿತ್ತು. ಗುರುವಾರ ಬೆಳಿಗ್ಗೆ ಮಾಸ್ಟ್ರ ಹೆಸರಿನ ತಗಡನ್ನು ಕಿತ್ತೆ. ಎಂದಿನಂತೆ ಒಂದು ಮೂಲೆ ಮಡಚಿಕೊಂಡಿತು. ಅಭ್ಯಾಸದ ಬಲ, ನೆಟ್ಟಗೆ ಮಾಡಲು ಸುತ್ತಿಗೆಗೆ ಕೈ ಹೋಯಿತು. ತಡೆದೆ. ಮಡಚಿದ್ದು ಮಡಚಿದಂತೆಯೇ ಇರಲಿ ಎಂದು ಎರಡೂ ತಗಡನ್ನು ಒಟ್ಟಿಗೆ ಡ್ರಾಯರಿನಲ್ಲಿಟ್ಟೆ.

ಡ್ರಾಯರು ಹಾಕುವಾಗಲೂ ಮೇಜು ಅಲುಗಾಡಿತು.